ಸ್ನಾನದ ಪಾಠ

ಇದನ್ನು ನನ್ನಂಥವರು ಹೇಳಬಾರದು. ಹೇಳಬೇಕಾದವರು ಬಾಯಿ ಬಿಡಲಿಲ್ಲವೆಂದು ಹೇಳುತ್ತಿದ್ದೇನೆ, ಹೆಚ್ಚುಕಮ್ಮಿಯಾದರೆ ಮನ್ನಿಸಿ.

"ಮತ್ತೆ ಮೂಗು ಮುಟ್ಕೊಂಡ್ರಿ," ಅಂದಳು ಟೀಚರ್.

ಖಜಾಂಚಿ ಕೈ ಕೆಳಗಿಳಿಸಿದ. "ಸುಳ್ಳು ಹೇಳುವಾಗ ತಾನಾಗೇ ಮೇಲೆ ಹೋಗುತ್ತೆ ಟೀಚರಕ್ಕ. ಕಡಿದು ಹಾಕ್ಲಾ?"

"ಕೈ ಮೇಲೆ ಕೂತ್ಕೊಳ್ಳಿ."

ಅವನು ನಿಜಕ್ಕೂ ಕೂತ. ಇಬ್ಬರಿಗೂ ನಗು ಬಂತು. ಬಾಗಿಲಿಗೆ ಒರಗಿ ನಿಂತಿದ್ದ ಚುನಾವಣಾ ಪ್ರಚಾರದ ಮ್ಯಾನೇಜರ್ ಮಾತ್ರ ನಗಲಿಲ್ಲ.

ಮರುದಿನ ಬೆಳಿಗ್ಗೆ ಖಜಾಂಚಿ ಆರ್ಥಿಕ ಅಪರಾಧ ವಿಭಾಗದವರ ಮುಂದೆ ಕೂರಬೇಕಿತ್ತು. ವಕೀಲರಿಗೆ ಫೋನ್ ಬಂದಿದೆ ಎಂದು ಮ್ಯಾನೇಜರ್ ಮಧ್ಯಾಹ್ನ ಬಂದು ಹೇಳಿದ್ದ. ಪ್ರಚಾರದ ಖಾತೆಗೆ ಸಾವಿರಾರು ಬಡವರ ಹೆಸರಿನಲ್ಲಿ ಬಂದಿದ್ದ ಪುಡಿ ದೇಣಿಗೆಗಳೆಲ್ಲ ಹೊರಟಿದ್ದು ಒಬ್ಬನ ಜೇಬಿನಿಂದ. ಲಾರಿ ಅಡ್ಡೆಯಿಂದ ಜೂಜುಕಟ್ಟೆಯವರೆಗೆ ಊರನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಅವನನ್ನು, ಯಾವ ನಂಟೂ ಇಲ್ಲದವರು ಕೂಡ 'ಮಾವ' ಎನ್ನುತ್ತಿದ್ದರು. ಅದು ಮಾವನ ಹಣವೆಂದು ಕಚೇರಿಯಲ್ಲಿ ಬಲ್ಲವರು ಮೂವರೇ: ಅಭ್ಯರ್ಥಿ, ಮ್ಯಾನೇಜರ್, ಖಜಾಂಚಿ. ಆ ಮಧ್ಯಾಹ್ನದಿಂದ ಟೀಚರ್ ನಾಲ್ಕನೆಯವಳಾದಳು.

"ನಂಗೇನೂ ಗೊತ್ತಿಲ್ಲ" ಎಂಬ ಒಂದು ಮಾತನ್ನು ಖಜಾಂಚಿ ನಂಬುವ ಹಾಗೆ ಹೇಳಬೇಕು. ಇಲ್ಲದಿದ್ದರೆ ಜೈಲು.

"ಮಗಳಿಗೆ ಇವತ್ತೋ ನಾಳೆಯೋ ಹೆರಿಗೆ," ಎಂದ ಅವನು. "ಮೊಮ್ಮಗೂನ ಕಂಬಿ ಹಿಂದಿಂದ ನೋಡೋ ಹಾಗೆ ಮಾಡ್ಬೇಡಿ ಅಕ್ಕ."

ಶಾಲೆಯಲ್ಲಿ ನಾಟಕ ಕಲಿಸುವಾಗ, ರಂಗದ ಮೇಲೆ ಯಾವ ಮಗು ಮಾತು ಮರೆತರೂ ತಪ್ಪು ತನ್ನದೇ ಎಂದು ಕೊರಗುತ್ತಿದ್ದವಳು ಟೀಚರ್. ಈಗ ಕಚೇರಿಯವರು 'ಸಾಹೇಬ್ರು' ಎನ್ನುವ ಅಭ್ಯರ್ಥಿಗೆ ಮಾತು ಕಲಿಸುವ ಕೆಲಸ. ಇವನು ನಾಳೆ ತೊದಲಿದರೆ ಅದೂ ಅವಳ ಲೆಕ್ಕಕ್ಕೇ.

"ಸ್ನಾನ ಮಾಡ್ಸೋಣ್ವಾ ಸಾರ್?" ಎಂದು ಮ್ಯಾನೇಜರನ್ನು ಕೇಳಿದಳು.

"ಪಾಠ ನಿಮ್ಮದು," ಎಂದು ಅವನು ಕ್ಯಾಮೆರಾ ಇಟ್ಟಿದ್ದ ಸ್ಟ್ಯಾಂಡನ್ನು ಮೂಲೆಯಿಂದ ತಂದು ನಿಲ್ಲಿಸಿದ.

ಸ್ನಾನ ಎಂದರೆ ಅವಳದೇ ಉಪಾಯ. ಟಿವಿ ಚರ್ಚೆಯ ಹಿಂದಿನ ದಿನ ಅಭ್ಯರ್ಥಿ ಕ್ಯಾಮೆರಾದ ಮುಂದೆ ಕೂತು, ಎದುರಾಳಿ ಮಾಡುವ ಆರೋಪಗಳನ್ನೆಲ್ಲ ನಿಜವೆಂದು ಒಪ್ಪಿಕೊಳ್ಳಬೇಕು. ಒಮ್ಮೆ ಬಾಯಿಬಿಟ್ಟು ಒಪ್ಪಿಕೊಂಡ ಮಾತಿಗೆ ಆಮೇಲೆ ಬೆಚ್ಚುವುದಿಲ್ಲ, ಅಲ್ಲಗಳೆಯುವುದು ಸಲೀಸು. "ಕೆರೆ ನುಂಗಿದೆ, ಸ್ಮಶಾನಾನೂ ಬಿಡ್ಲಿಲ್ಲ" ಎಂದು ಅಭ್ಯರ್ಥಿ ಗಂಭೀರವಾಗಿ ಒಪ್ಪಿಕೊಂಡ ದಿನ ಕಚೇರಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಮುಖ, ಕೈ ಹೇಗಿತ್ತೆಂದು ನೋಡಿ, ತಿದ್ದಿ, ಆ ವಿಡಿಯೋ ಅಳಿಸಿಬಿಡುತ್ತಿದ್ದರು.

ಖಜಾಂಚಿ ಗಂಟಲು ಸರಿಮಾಡಿಕೊಂಡ. "ಆ ಹಣ ಮಾವಂದು..."

"ಹೆಸರು ಬೇಡ," ಎಂದ ಮ್ಯಾನೇಜರ್. "ನಾಳೆ ಅದೇ ಬಾಯಿಗೆ ಬಂದ್ಬಿಡುತ್ತೆ."

ಅದು ಸರಿಯೆಂದು ಟೀಚರ್‌ಗೂ ಅನ್ನಿಸಿತು. "ಎಲ್ಲಾ ನೀವೇ ಮಾಡಿದ್ದು ಅನ್ನಿ. ಆಗ ಹೆದರೋಕೆ ಏನೂ ಉಳಿಯಲ್ಲ."

ಎರಡನೆಯ ಸಲ ಅವನು ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಂಡ. ಆದರೆ ಕೊರಡು ಮಾತಾಡಿದಂತಿತ್ತು.

"ಬಾಯಿಪಾಠ ಒಪ್ಪಿಸ್ತಿದೀರಿ," ಎಂದು ಟೀಚರ್ ರೇಗಿದಳು. "ಯಾರಿಗೆ ಹೇಳ್ತಿದೀರಿ? ಗೋಡೆಗಾ? ಮಗಳಿಗೆ ಹೇಳಿ."

"ನಡುವೆ ನೀವು ಮಾತಾಡ್ಬೇಡಿ ಟೀಚರ್," ಎಂದ ಮ್ಯಾನೇಜರ್ ಮೆಲ್ಲಗೆ. "ಅವರಿಗೆ ಲಯ ತಪ್ಪುತ್ತೆ."

ಖಜಾಂಚಿ ಕ್ಯಾಮೆರಾವನ್ನೇ ನೋಡಿದ. "ಮಗಳೇ, ಎಲ್ಲಾ ನಾನೊಬ್ಬನೇ ಮಾಡಿದ್ದು. ದುರಾಸೆಗೆ ಬಿದ್ದೆ. ಸಾಹೇಬ್ರಿಗೆ ಏನೇನೂ ಗೊತ್ತಿಲ್ಲ. ನಿನ್ನ ಮುಂದೆ ತಲೆ ಎತ್ತೋಕಾಗ್ತಿಲ್ಲ ಕಣಮ್ಮ. ನಿನ್ನ ಮಗೂನ ಎತ್ಕೊಳ್ಳೋ ಯೋಗ್ಯತೆ ಈ ಕೈಗಿಲ್ಲ. ಕ್ಷಮಿಸ್ಬಿಡು."

ಕೈ ಅಲುಗಲಿಲ್ಲ. ಟೀಚರ್ ಚಪ್ಪಾಳೆ ತಟ್ಟಿದಳು. ಅವಳ ಕಣ್ಣು ಒದ್ದೆಯಾಗಿತ್ತು. "ಸಾಹೇಬ್ರೂ ಇಷ್ಟು ಚೆನ್ನಾಗಿ ಮಾಡಿಲ್ಲ!"

"ಎದೆ ಹಗುರ ಆಯ್ತು ಅಕ್ಕ." ಆಮೇಲೆ "ನಂಗೇನೂ ಗೊತ್ತಿಲ್ಲ" ಎಂಬುದನ್ನು ಕೇಳಿದಷ್ಟು ಸಲವೂ ಬೆಣ್ಣೆಯಂತೆ ಹೇಳಿದ. ಹೊರಡುವಾಗ ಅವಳ ಕಾಲಿಗೆ ಬೀಳಲು ಬಗ್ಗಿದ. ಅವಳು ಗದರಿಸಿ ಎಬ್ಬಿಸಿದಳು. ಮ್ಯಾನೇಜರ್ ಕಾರಿನ ಬೀಗದ ಕೈ ಆಡಿಸುತ್ತ, "ಬನ್ನಿ, ಮನೆವರೆಗೂ ಬಿಡ್ತೀನಿ," ಎಂದ.

ಮರುದಿನ ಟೀಚರ್ ಬೆಳಿಗ್ಗೆಯಿಂದ ಟಿವಿಯ ಮುಂದೆ ಕೂತಳು. ಖಜಾಂಚಿ ವಿಚಾರಣೆ ಮುಗಿಸಿ ನಗುತ್ತ ಹೊರಬರುವುದನ್ನು ನೋಡಬೇಕಿತ್ತು. ಮಧ್ಯಾಹ್ನ ಪರದೆಯ ಮೇಲೆ ಬಂದದ್ದು ಹಳೆಯ ಸೇತುವೆ. ಅದರ ಕೆಳಗೆ, ಬಟ್ಟೆ ಹೊದಿಸಿದ ಹೆಣ. ಜೇಬಿನ ಫೋನಿನಲ್ಲಿ ಕೊನೆಯ ಹೇಳಿಕೆ ಸಿಕ್ಕಿದೆ ಎಂದರು. ಹಾಕಿ ತೋರಿಸಿದರು. "ಮಗಳೇ..."

ಅವಳ ಪಾಠ. ಒಂದು ತೊದಲೂ ಇರಲಿಲ್ಲ. ಮಗಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದೂ ಹೇಳಿದರು.

ಮ್ಯಾನೇಜರ್ ಫೋನ್ ಮಾಡಿದಾಗ ಅವನ ದನಿ ಒಡೆದಿತ್ತು. "ಅಳಿಸೋಣ ಅಂದ್ರೆ, ಬೇಡ, ಮನೇಲಿ ನೋಡಿ ಕಲೀತೀನಿ ಅಂತ ಫೋನಿಗೆ ಹಾಕಿಸ್ಕೊಂಡ್ರು. ನಂಗೆ ಹೊಳೀಲೇ ಇಲ್ಲ ಟೀಚರ್."

"ಸುಮ್ನೆ ಇದ್ದವರ ತಲೆಗೆ ಅದನ್ನ ತುಂಬಿದ್ದೇ ನಾನು ಸಾರ್. ನಾನೇ ಕೊಂದೆ."

"ಹಾಗನ್ಬೇಡಿ. ಯಾರ ಹತ್ರಾನೂ ಅನ್ಬೇಡಿ." ಆಮೇಲೆ ದನಿ ತಗ್ಗಿಸಿ ಹೇಳಿದ: "ನಾಳೆ ನಿಮ್ಮನ್ನೂ ವಿಚಾರಣೆಗೆ ಕರೆದಿದಾರೆ. ವಕೀಲರಿಗೆ ಈಗಷ್ಟೇ ಫೋನ್ ಬಂತು. ಈ ಸ್ಥಿತೀಲಿ ಹೋದ್ರೆ ನೀವೂ ಮುಳುಗ್ತೀರಿ. ಸಂಜೆ ಬನ್ನಿ, ಒಂದ್ಸಲ ಅಭ್ಯಾಸ ಮಾಡ್ಬಿಡೋಣ. ಕಾರು ಕಳಿಸ್ತೀನಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಆಗ್ಲಿ ಸಾರ್. ನಿಮ್ಮಿಂದ ಉಪಕಾರ ಆಯ್ತು."

ಸಂಜೆಯ ವಾರ್ತೆಯಲ್ಲಿ ಆರ್ಥಿಕ ಅಪರಾಧ ವಿಭಾಗದ ಹಿರಿಯ ಅಧಿಕಾರಿ ಮಾತಾಡಿದರು: "ಆ ಖಜಾಂಚಿಯನ್ನ ನಾವು ವಿಚಾರಣೆಗೆ ಕರೆದೇ ಇರ್ಲಿಲ್ಲ. ಆ ಕಚೇರಿಯಿಂದ ಇದುವರೆಗೂ ಯಾರನ್ನೂ ಕರೆದಿಲ್ಲ." ಆ ಹೊತ್ತಿಗೆ ಟೀಚರ್ ಇನ್ನೂ ಟಿವಿಯ ಮುಂದೆ ಕೂತಿದ್ದಳೋ, ಕಾರು ಹತ್ತಿಯಾಗಿತ್ತೋ, ನನಗೆ ಗೊತ್ತಿಲ್ಲ.