ಅವ್ವ ಕೇಳಿದ್ದ ಸದ್ದು

ಮಾವು ಹೂಬಿಟ್ಟಿತೆಂದರೆ ಓಣಿಗೆ ಓಣಿಯೇ ಬುತ್ತಿ ಕಟ್ಟಿಕೊಂಡು ತೋಪಿಗೆ ಹೊರಡುತ್ತಿತ್ತು. ಬುತ್ತಿಯ ಜೊತೆ ಮನೆಗೊಂದು ಕೋಳಿಪುಕ್ಕದ ಕುಂಚ. ಜೇನುಹುಳಗಳು ಇಲ್ಲವಾಗಿ ಅರವತ್ತು ವರ್ಷವಾಗಿದ್ದರಿಂದ ಹೂವಿಂದ ಹೂವಿಗೆ ಪರಾಗ ಮುಟ್ಟಿಸುವ ಕೆಲಸ ಜನರದೇ ಆಗಿತ್ತು. ಮುಟ್ಟಿಸುವಾಗ ಹುಳದ ಹಾಗೆ ಗುಂಯ್‌ಗುಡಬೇಕು, ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ ಎಂದು ಎಲ್ಲರೂ ನಂಬಿದ್ದರು.

ಆ ಸದ್ದನ್ನು ನಿಜವಾಗಿ ಕೇಳಿದ್ದವಳು ಓಣಿಯಲ್ಲಿ ಒಬ್ಬಳೇ, ಸಾವಂತ್ರಿಯ ತಾಯಿ ನೀಲಗಂಗವ್ವ. ಪ್ರತಿವರ್ಷ ಅವಳು ಶುರುಮಾಡಿದ ಮೇಲೆ ಉಳಿದವರು ದನಿಗೂಡಿಸುತ್ತಿದ್ದರು. ಈ ಸಲ ಲಕ್ವಾ ಹೊಡೆದು ಅವಳ ದನಿಯೇ ಹೋಗಿತ್ತು. ವರ್ಷಕ್ಕೊಮ್ಮೆ ಕೇಳಿದ್ದು ಬೇರೆ ಯಾರ ಕಿವಿಯಲ್ಲೂ ಸರಿಯಾಗಿ ನಿಂತಿರಲಿಲ್ಲ.

ಅವಳನ್ನು ಕುರ್ಚಿಸಮೇತ ಹೊತ್ತು ತಂದು ನೆರಳಿನಲ್ಲಿ ಇಳಿಸಿದರು. ಸಾವಂತ್ರಿ ಗುಂಯ್‌ಗುಟ್ಟಿ, “ಹಿಂಗೇನಬೇ ಯವ್ವಾ?” ಎಂದಳು. ಮುದುಕಿ ಅಡ್ಡಡ್ಡ ತಲೆಯಾಡಿಸಿದಳು. ಸಾವಂತ್ರಿ ದನಿ ಸಣ್ಣ ಮಾಡಿದಳು, ದಪ್ಪ ಮಾಡಿದಳು. ಅಲ್ಲ. ನೆರೆಮನೆಯ ಫಕೀರಪ್ಪ ಮೂಗಿನಲ್ಲಿ ಎಳೆದ. ಅದೂ ಅಲ್ಲ. ಹೊತ್ತು ನೆತ್ತಿಗೇರಿದರೂ ಯಾರೂ ಬುತ್ತಿ ಬಿಚ್ಚಲಿಲ್ಲ.

“ಹೂವು ಬಾಡಾಕತ್ತಾವ, ಲಗೂ ಏನರ ಒಂದು ಮಾಡ್ರಿ” ಎಂದ ಫಕೀರಪ್ಪ.

ಸಾವಂತ್ರಿ ಮತ್ತೊಮ್ಮೆ ಗುಂಯ್‌ಗುಟ್ಟಿದಳು. ನೀಲಗಂಗವ್ವ ಬಹಳ ಹೊತ್ತು ಮಗಳ ಮುಖವನ್ನೇ ನೋಡಿ, ಮೆಲ್ಲಗೆ ಹೌದೆಂಬಂತೆ ತಲೆ ತೂಗಿದಳು.

“ಸಿಕ್ತು ನೋಡ್ರಿ!” ಎಂದು ಫಕೀರಪ್ಪ ಕೂಗಿದ. ತೋಪಿಗೆ ತೋಪೇ ಕುಂಚ ಎತ್ತಿ ಅದೇ ದನಿ ಹಿಡಿಯಿತು. ಹಿಂದೆಯೇ ಬುತ್ತಿಗಳು ಬಿಚ್ಚಿಕೊಂಡವು.

ಸಾವಂತ್ರಿ ಮಾತ್ರ ಕುಂಚ ಎತ್ತಲಿಲ್ಲ. ಬೇರೆ ದನಿ ತೋಚದೆ ಅವಳು ಗುಂಯ್‌ಗುಟ್ಟಿದ್ದು, ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಅವ್ವ ‘ಅಲ್ಲ’ ಎಂದು ತಲೆಯಾಡಿಸಿದ್ದ ದನಿಯನ್ನೇ.