ತಟ್ಟೆ ತೊಳೆದು ಕುಡಿದವನು

ಕರಡು ತಿದ್ದುತ್ತಿದ್ದ ಅನಘಾಳ ಪೆನ್ಸಿಲ್ ಅಲ್ಲೇ ನಿಂತಿತು. ಅಮ್ಮನ ಐದನೇ ಪತ್ತೇದಾರಿ ಕಾದಂಬರಿಯಲ್ಲಿ, ಕಡಲ ದಂಡೆಯ ಮೀನುಗಾರನೊಬ್ಬ ಉಂಡಾದ ಮೇಲೆ ತಟ್ಟೆ ತೊಳೆದು ಆ ನೀರನ್ನು ಕುಡಿಯುತ್ತಾನೆ.

"ಅಮ್ಮಾ, ಇದು ನಮ್ಮ ಲಿಂಗಾಯತರ ಪದ್ಧತಿ. ಮೀನುಗಾರ ಯಾಕೆ ಹೀಗ್ ಮಾಡ್ತಾನೆ? ಹೊಡೆದು ಹಾಕ್ಲಾ?"

ಕಿಟಕಿಯಾಚೆ ವಿಜಯನಗರದ ಮೆಟ್ರೊ ಸದ್ದು ಅಲೆಯಂತೆ ಬಂದು ಮೆಲ್ಲಗೆ ಹಿಂದೆ ಸರಿಯಿತು. ಸಮುದ್ರವನ್ನು ಒಮ್ಮೆಯೂ ಕಾಣದ ಅಮ್ಮ ಕಣ್ಣು ಮುಚ್ಚಿ ಅದನ್ನೇ ಕೇಳಿಸಿಕೊಂಡಳು.

"ಬೇಡ ಕಣೇ. ಮನೆ ಬಿಟ್ಟು ಹೋಗೋವಾಗ ನಿಮ್ಮಪ್ಪ, ಕಡಲ ಕಡೆಗೆ ಹೋಗ್ತೀನಿ ಅಂತ ಮಾತ್ರ ಚೀಟಿ ಬರೆದಿಟ್ಟಿದ್ರು. ಎಲ್ಲಾದ್ರೂ ಇದನ್ನ ಓದಿದ್ರೆ, ನಾವು ಇನ್ನೂ ಹುಡುಕ್ತಾ ಇದೀವಿ ಅಂತ ಗೊತ್ತಾಗ್ಲಿ."

ಅನಘಾಗೆ ಊಟಕ್ಕೆ ಕೂತ ಅಪ್ಪನ ಮುಖ ನೆನಪಾಯಿತು. ಆ ಸಾಲಿನ ಮುಂದೆ ಪುಟ್ಟದಾಗಿ ಬರೆದಳು: 'ಕುಡಿಯುವಾಗ ಅವನ ಕನ್ನಡಕ ಎಂದಿನಂತೆ ಮೂಗಿನ ತುದಿಗೆ ಜಾರಿತು.'