ಮುಗಿದ ಕೈಗಳು

ಎರಡೂ ಕೈಗಳಲ್ಲಿ ಆರು ಮಗ್ ಬಿಯರ್ ಹಿಡಿದು ಬಂದ ವೇಟರ್ ತನ್ನ ಪಪ್ಪ ಎಂದು ತಿಳಿದ ಕ್ಷಣವೇ ಜೋಯ್ಲಿನ್‌ಳ ಕೈಗಳು ತಾವಾಗಿಯೇ ಮುಗಿದುಕೊಂಡವು. ಮನೆಯಲ್ಲಿ ಸಂಜೆಯ ಪ್ರಾರ್ಥನೆ ಆದೊಡನೆ ಪಪ್ಪನ ಮುಂದೆ ನಿಂತು ಆಶೀರ್ವಾದ ಕೇಳಿ ಅಭ್ಯಾಸವಾದ ಕೈಗಳು ಅವು.

ಅಬುಧಾಬಿಯ ಹೋಟೆಲಿನ ಆಫೀಸಿನಲ್ಲಿ ಕೆಲಸ ಎಂದಿದ್ದ ಪಪ್ಪ ದುಬೈನ ಈ ಜರ್ಮನ್ ಬಿಯರ್ ಹಬ್ಬದಲ್ಲಿ ಚರ್ಮದ ಚಡ್ಡಿ, ಗರಿಯ ಟೊಪ್ಪಿ ತೊಟ್ಟು ನಿಂತಿದ್ದರು. ಅವಳೂ ಅಲ್ ಐನ್‌ನ ಕಾಲೇಜಿನಿಂದ ವಾರಾಂತ್ಯಕ್ಕೆ ಚರ್ಚಿನ ಧ್ಯಾನಕೂಟಕ್ಕೆ ಹೋಗುತ್ತೇನೆ ಎಂದಿದ್ದಳು. ಎದ್ದು ಹೋಗೋಣವೆಂದರೆ ಬೆಂಚಿನ ಒಂದು ಕಡೆ ಗೋಡೆ, ಇನ್ನೊಂದು ಕಡೆ ಐವರು ಗೆಳತಿಯರು.

"ಬಿಯರ್‌ಗೂ ಕೈ ಮುಗೀತೀಯೇನೇ?" ಮೈಸೂರಿನ ಹಿತಾ ಮೊಬೈಲ್ ಎತ್ತಿ ವಿಡಿಯೊ ಮಾಡತೊಡಗಿದಳು. ಎಲ್ಲರೂ ನಕ್ಕರು.

ಪಪ್ಪ ಮಗ್‌ಗಳನ್ನು ಇಳಿಸಲು ಬಗ್ಗಿದರು. "ದೇವ್ ಬರೆಂ ಕರುಂ," ಎಂದು ಕೊಂಕಣಿಯಲ್ಲಿ ಮೆಲ್ಲಗೆ ಹರಸಿ, ನಂತರ ಎಲ್ಲರಿಗೂ ಕೇಳುವಂತೆ, "ಎಂಜಾಯ್, ಮ್ಯಾಡಮ್," ಎಂದರು.

"ಆ ವೇಟರ್ ಮೊದ್ಲು ನಿಂಗೇನೋ ಅಂದ್ನಲ್ಲ, ಏನೇ ಅದು?" ಹಿತಾ ಕೇಳಿದಳು.

ಪಪ್ಪ ಇನ್ನೂ ಅಲ್ಲೇ ಮೇಜು ಒರೆಸುತ್ತಿದ್ದರು. ಜೋಯ್ಲಿನ್ ಕೈಗಳನ್ನು ಮೇಜಿನಡಿಗೆ ಎಳೆದುಕೊಂಡಳು.

"ಜರ್ಮನ್ ಇರ್ಬೇಕು."